ಪ್ರಶ್ನೋತ್ತರ ಮಾಲೆ: ವಿಧವೆಯ ಹೆಸರು ಹೊತ್ತ ಷಾಂಪೇನ್

ಪರದೇಶಗಳಲ್ಲಿ ನೆಲಸಿರುವ ಮಕ್ಕಳೂ ಬಂಧುಗಳೂ ರಜಕ್ಕೆಂದು ಊರಿಗೆ ಬರುವಾಗ ತರುವ ಉಡುಗೊರೆಗಳಲ್ಲಿ ಈಚೆಗೆ ಷಾಂಪೇನಿನ ಸೀಸೆಯೂ ಒಂದಾಗಿ ಸೇರಿಕೊಂಡಿದೆ. ಅದರಲ್ಲಿಯೂ ಕಿತ್ತಳೆಯ ಛಾಯೆಯ ಹಳದಿ ಚೀಟಿಯನ್ನು ಅಂಟಿಸಿಕೊಂಡು ಬರುವ 'ವವ್ ಕ್ಲಿಕೋ' ಎಂಬುದರ ವಿಷಯವಾಗಿ ನಮ್ಮ ವಾಚಕರು ಹಲವು ಪ್ರಶ್ನೆಗಳನ್ನು ಕೇಳಿರುತ್ತಾರೆ. ಸಂಸಾರವಂದಿಗರು ಓದುವ ಪತ್ರಿಕೆಯಲ್ಲಿ ಮದ್ಯದ ಪ್ರಸ್ತಾಪವೇಕೆ ಎಂದು ಕೆಲವರು ಆಕ್ಷೇಪಿಸಬಹುದು. ಕುಡಿಯಿರೆಂದು ಹೇಳುವುದು ನಮ್ಮ ಉದ್ದೇಶವಲ್ಲ. ಆದರೆ ಮನೆಯೊಳಕ್ಕೆ ಬಂದು ಕುಳಿತ ವಸ್ತುವಿನ ಪೂರ್ವೋತ್ತರವನ್ನು ಮನೆಯವರು ತಿಳಿದಿರುವುದು ಮೇಲು. ತಿಳಿಯದೆ ಹೊಗಳುವುದಕ್ಕಿಂತಲೂ ತಿಳಿಯದೆ ತೆಗಳುವುದಕ್ಕಿಂತಲೂ ಅದು ಲೇಸು. ಮೇಲಾಗಿ ಈ ಸೀಸೆಯ ಹಿಂದೆ ಒಬ್ಬ ಹೆಣ್ಣುಮಗಳ ಬಾಳಿನ ಕಥೆಯಿದೆ. ಅದು ನಮ್ಮ ಮನೆಗಳಲ್ಲಿ ಓದತಕ್ಕ ಕಥೆಯೇ ಆಗಿದೆ.

ಪ್ರಶ್ನೆ: 'ವವ್ ಕ್ಲಿಕೋ' ಎಂದರೆ ಅರ್ಥವೇನು?

ಫ್ರೆಂಚ್ ಭಾಷೆಯಲ್ಲಿ 'ವವ್' ಎಂದರೆ ವಿಧವೆ. 'ಕ್ಲಿಕೋ' ಎಂಬುದು ಗಂಡನ ಮನೆತನದ ಹೆಸರು. ಎಂದರೆ ಸೀಸೆಯ ಮೇಲೆ ಬರೆದಿರುವುದು 'ವಿಧವೆ ಕ್ಲಿಕೋ' ಎಂದೇ. ಪೂರ್ಣವಾಗಿ ಹೇಳುವಾಗ ತವರಿನ ಹೆಸರಾದ 'ಪೊಂಸಾರ್ದ್ಯಾಂ' ಎಂಬುದನ್ನೂ ಇದಕ್ಕೆ ಸೇರಿಸುವರು. ಆ ಕಾಲದ ಫ್ರಾನ್ಸಿನಲ್ಲಿ ಗಂಡನನ್ನು ಕಳೆದುಕೊಂಡ ಸ್ತ್ರೀಯು ವ್ಯವಹಾರಕ್ಕೆ ಇಳಿದರೆ ಅಂಗಡಿಯ ಹೆಸರಿನಲ್ಲಿ ಈ ಮಾತನ್ನು ಮುಂದಿಟ್ಟು ಬರೆಯುವುದು ರೂಢಿಯಾಗಿತ್ತು. ಅದು ಅನುಕಂಪಕ್ಕಾಗಿ ಹಾಕಿದ ಮಾತಲ್ಲ. ವ್ಯವಹಾರಕ್ಕೆ ಹೊಣೆಗಾರರು ಯಾರೆಂಬುದನ್ನು ತಿಳಿಸತಕ್ಕ ಮಾತು.

ಪ್ರಶ್ನೆ: ಆ ವಿಧವೆ ಯಾರು? ಆಕೆ ನಿಜವಾಗಿ ಇದ್ದವಳೋ, ವ್ಯಾಪಾರಕ್ಕಾಗಿ ಕಟ್ಟಿದ ಕಥೆಯೋ?

ನಿಜವಾಗಿ ಇದ್ದವಳು. ಆಕೆಯ ಹೆಸರು ಬಾರ್ಬ್ ನಿಕೋಲ್ ಪೊಂಸಾರ್ದ್ಯಾಂ. 1777ನೆಯ ಇಸವಿಯಲ್ಲಿ ಫ್ರಾನ್ಸಿನ ಈಶಾನ್ಯ ಭಾಗದ ರ‍್ಯಾಂಸ್ ಪಟ್ಟಣದಲ್ಲಿ ಹುಟ್ಟಿದಳು. ತಂದೆ ಬಟ್ಟೆಯ ಉದ್ಯಮದಲ್ಲಿ ಹಣ ಗಳಿಸಿದ ಶ್ರೀಮಂತ. ಮುಂದೆ ಆ ಊರಿನ ಮೇಯರೂ ಆದವನು. 1798ರಲ್ಲಿ ಆಕೆಗೆ ಫ್ರಾನ್ಸ್ವಾ ಕ್ಲಿಕೋ ಎಂಬಾತನೊಡನೆ ಮದುವೆಯಾಯಿತು. ಕ್ಲಿಕೋ ಮನೆತನದವರೂ ಬಟ್ಟೆಯ ವರ್ತಕರೇ. ಅದರ ಜೊತೆಗೆ 1772ರಿಂದ ದ್ರಾಕ್ಷಾರಸದ ವ್ಯಾಪಾರವನ್ನೂ ಇಟ್ಟುಕೊಂಡಿದ್ದರು. ಯುವಕನಾದ ಫ್ರಾನ್ಸ್ವಾನಿಗೆ ಬಟ್ಟೆಗಿಂತ ದ್ರಾಕ್ಷಾರಸದ ಮೇಲೆಯೇ ಆಸೆ. ಆ ಆಸೆಯನ್ನು ಅವನು ಹೆಂಡತಿಯೊಡನೆ ಹಂಚಿಕೊಂಡನು.

1805ರ ಅಕ್ಟೋಬರಿನಲ್ಲಿ ಜ್ವರದಿಂದ ನರಳಿ ಅವನು ತೀರಿಕೊಂಡನು. ಆಗ ಬಾರ್ಬ್ ನಿಕೋಲಳಿಗೆ 27 ವರ್ಷ. ತೊಡೆಯ ಮೇಲೆ ಆರು ವರ್ಷದ ಹೆಣ್ಣುಮಗು. ಒಬ್ಬನೇ ಮಗನನ್ನು ಕಳೆದುಕೊಂಡ ಮಾವನು ವ್ಯಾಪಾರವನ್ನೇ ಮುಚ್ಚಿಬಿಡಲು ನಿಶ್ಚಯಿಸಿದನು. ಸೊಸೆಯು ಮಾವನ ಬಳಿಗೆ ಹೋಗಿ, ಮುಚ್ಚಬೇಡಿರಿ, ನಾನೇ ನಡೆಸುತ್ತೇನೆ ಎಂದು ಬೇಡಿಕೊಂಡಳು. ಮಾವನು ಒಪ್ಪಿದನು. ಆದರೆ ಅನುಭವವುಳ್ಳ ಅಲೆಕ್ಸಾಂದ್ರ್ ಫೂರ್ನೋ ಎಂಬ ವರ್ತಕನೊಡನೆ ಪಾಲುಗಾರಿಕೆಯಲ್ಲಿ ಕೆಲವು ವರ್ಷ ಕೆಲಸ ಕಲಿಯಬೇಕೆಂದು ಏರ್ಪಾಡಾಯಿತು. ಆ ಪಾಲುಗಾರಿಕೆಯು 1810ರಲ್ಲಿ ಮುಗಿಯಿತು. ಅಂದಿನಿಂದ ಅಂಗಡಿಯು ಆಕೆಯೊಬ್ಬಳ ಹೆಸರಿನಲ್ಲಿಯೇ ನಡೆಯಿತು.

ಇಲ್ಲಿ ವಾಚಕರು ಒಂದು ವಿಷಯವನ್ನು ಗಮನಿಸಬೇಕು. 1804ರ ನೆಪೋಲಿಯನ್ ಸಂಹಿತೆಯ ಪ್ರಕಾರ ಫ್ರಾನ್ಸಿನ ವಿವಾಹಿತ ಸ್ತ್ರೀಯು ಗಂಡನಿಗೆ ವಿಧೇಯಳಾಗಿರಬೇಕು. ಅವನ ಒಪ್ಪಿಗೆಯಿಲ್ಲದೆ ಸ್ವತಂತ್ರವಾಗಿ ವ್ಯಾಪಾರ ಮಾಡುವಂತಿರಲಿಲ್ಲ. ಅವಿವಾಹಿತೆಯಾದ ಮಗಳು ಬೆಳೆದ ಮೇಲೂ ರೂಢಿಯಲ್ಲಿ ತಂದೆಯ ನೆರಳಿನಲ್ಲಿಯೇ ಇರುವಳು. ವಿಧವೆಯೊಬ್ಬಳು ಮಾತ್ರ ತನ್ನ ಹೆಸರಿನಲ್ಲಿ ಕರಾರು ಮಾಡಬಹುದು, ಸಾಲ ಕೊಡಬಹುದು, ಕೊಳ್ಳಬಹುದು, ಮಾರಬಹುದು. ದುಃಖವು ತಂದ ಈ ಸ್ವಾತಂತ್ರ್ಯವನ್ನು ಬಿಟ್ಟುಕೊಡಲು ಆಕೆಗೆ ಇಷ್ಟವಿರಲಿಲ್ಲವೆಂದು ಕಾಣುತ್ತದೆ. ಮುಂದೆ ಅರುವತ್ತು ವರ್ಷ ಬದುಕಿದರೂ ಆಕೆ ಮರುಮದುವೆಯಾಗಲಿಲ್ಲ.

ಪ್ರಶ್ನೆ: ಇಷ್ಟು ದೊಡ್ಡ ಹೆಸರು ಬರಲು ಆಕೆ ಮಾಡಿದ ವಿಶೇಷವೇನು?

ಮೂರು ಸಂಗತಿಗಳನ್ನು ಹೇಳಬಹುದು.

ಮೊದಲನೆಯದು ಎದೆಗಾರಿಕೆ. ಆಕೆ ವ್ಯಾಪಾರಕ್ಕೆ ಇಳಿದ ಕಾಲವು ಯುದ್ಧದ ಕಾಲ. ಬಂದರುಗಳು ಮುಚ್ಚಿದ್ದವು, ಹಡಗುಗಳು ಸೆರೆಯಾಗುತ್ತಿದ್ದವು, ಕಳುಹಿಸಿದ ಸರಕು ದಾರಿಯಲ್ಲಿಯೇ ಕೆಡುತ್ತಿತ್ತು. ನೆಲಮಾಳಿಗೆಯ ತುಂಬ ಸೀಸೆಗಳಿದ್ದರೂ ಕೊಳ್ಳುವವರಿಲ್ಲದೆ ಅಂಗಡಿಯು ಮುಳುಗುವ ಸ್ಥಿತಿಗೆ ಬಂದಿತ್ತು. 1811ರಲ್ಲಿ ಆಕಾಶದಲ್ಲಿ ದೊಡ್ಡ ಧೂಮಕೇತುವೊಂದು ತಿಂಗಳುಗಟ್ಟಲೆ ಕಾಣಿಸಿತು. ನಮ್ಮವರು ಅದನ್ನು ಅಪಶಕುನವೆನ್ನುತ್ತಿದ್ದರೋ ಏನೋ. ಆದರೆ ಆ ವರ್ಷದ ದ್ರಾಕ್ಷಿಯ ಬೆಳೆಯು ಬಹಳ ಸೊಗಸಾಗಿ ಬಂದು, ಅದರ ರಸವು 'ಧೂಮಕೇತುವಿನ ವರ್ಷದ ಷಾಂಪೇನ್' ಎಂದು ಹೆಸರಾಯಿತು. 1814ರಲ್ಲಿ ನೆಪೋಲಿಯನ್ನನು ಸಿಂಹಾಸನವನ್ನು ಬಿಟ್ಟು ಶಾಂತಿಯ ಸೂಚನೆ ಕಂಡೊಡನೆಯೇ, ಉಳಿದ ವರ್ತಕರು ಹಿಂದುಮುಂದು ನೋಡುತ್ತಿರುವಾಗ, ಈಕೆ ಗುಟ್ಟಾಗಿ ಒಂದು ಹಡಗನ್ನು ಗೊತ್ತುಮಾಡಿ 10,550 ಸೀಸೆಗಳನ್ನು ಬಾಲ್ಟಿಕ್ ಸಮುದ್ರದ ಕೋನಿಗ್ಸ್‌ಬರ್ಗ್ ಬಂದರಿಗೆ ಕಳುಹಿಸಿದಳು. ಜೊತೆಯಲ್ಲಿ ಹೋದವನು ಆಕೆಯ ನಂಬಿಕೆಯ ಮಾರಾಟಗಾರ ಲೂಯಿ ಬೋನ್. ಸರಕು ಕೈಕೈಯಲ್ಲಿಯೇ ಮಾರಿಹೋಯಿತು. ಹಿಂದೆಯೇ ಮತ್ತೊಂದು ಹಡಗು ರಷ್ಯದ ರಾಜಧಾನಿಗೆ ಹೊರಟಿತು. ಎದುರಾಳಿಗಳ ಹಡಗುಗಳು ಬರುವ ಹೊತ್ತಿಗೆ ರಷ್ಯದ ಶ್ರೀಮಂತರ ಬಾಯಲ್ಲಿ ಕ್ಲಿಕೋ ಎಂಬ ಹೆಸರು ನಿಂತುಬಿಟ್ಟಿತ್ತು.

ಎರಡನೆಯದು ಕೆಲಸದ ಸುಧಾರಣೆ. ಇದನ್ನು ತಿಳಿಯಬೇಕಾದರೆ ಷಾಂಪೇನ್ ಆಗುವ ಬಗೆಯನ್ನು ಸ್ವಲ್ಪ ತಿಳಿಯಬೇಕು. ದ್ರಾಕ್ಷಿಯ ರಸವು ಮೊದಲು ಸಾಧಾರಣ ಮದ್ಯವಾಗುವುದು. ಅದಕ್ಕೆ ಸಕ್ಕರೆಯನ್ನೂ ಹುದುಗನ್ನೂ ಸೇರಿಸಿ ಸೀಸೆಯಲ್ಲಿ ತುಂಬಿ ಬಿಗಿಯಾಗಿ ಮುಚ್ಚಿಡುವರು. ನಮ್ಮ ದೋಸೆಯ ಹಿಟ್ಟು ರಾತ್ರಿಯಲ್ಲಿ ಉಬ್ಬುವಂತೆಯೇ ಸೀಸೆಯೊಳಗೆ ಎರಡನೆಯ ಸಲ ಹುದುಗು ಕೆಲಸಮಾಡುವುದು. ಆಗ ಹುಟ್ಟುವ ಅಂಗಾರಾಮ್ಲ ವಾಯುವು ಹೊರಕ್ಕೆ ಹೋಗಲು ದಾರಿಯಿಲ್ಲದೆ ರಸದಲ್ಲಿಯೇ ಕರಗಿ ನಿಲ್ಲುವುದು. ಬಿರಡೆ ತೆಗೆದಾಗ ಏಳುವ ಗುಳ್ಳೆಗಳು ಇವೇ. ಆದರೆ ಸತ್ತ ಹುದುಗು ಸೀಸೆಯ ತಳದಲ್ಲಿ ಗಸಿಯಾಗಿ ಉಳಿದು ರಸವನ್ನು ಕದಡುವುದು. ಹಿಂದಿನವರು ಈ ಗಸಿಯನ್ನು ಕಳೆಯಲು ಒಂದು ಸೀಸೆಯಿಂದ ಇನ್ನೊಂದಕ್ಕೆ ಬಗ್ಗಿಸುತ್ತಿದ್ದರು. ಹಾಗೆ ಮಾಡಿದರೆ ಗುಳ್ಳೆಯೂ ಹೋಗುವುದು, ರಸವೂ ನಷ್ಟವಾಗುವುದು.

1816ರಲ್ಲಿ ಈಕೆಯ ನೆಲಮಾಳಿಗೆಯಲ್ಲಿ ಹೊಸ ಉಪಾಯವೊಂದು ಹುಟ್ಟಿತು. ಹಲಗೆಯಲ್ಲಿ ತೂತುಗಳನ್ನು ಕೊರೆದು ಸೀಸೆಗಳನ್ನು ಕತ್ತು ಕೆಳಗಾಗುವಂತೆ ಸಿಕ್ಕಿಸುವುದು. ದಿನದಿನವೂ ಒಂದಿಷ್ಟು ತಿರುಗಿಸಿ ಅಲುಗಿಸುವುದು. ವಾರಗಳು ಕಳೆದ ಮೇಲೆ ಗಸಿಯೆಲ್ಲ ಜಾರಿ ಬಿರಡೆಯ ಬಳಿ ಶೇಖರವಾಗುವುದು. ಆಗ ಬಿರಡೆಯನ್ನು ಥಟ್ಟನೆ ತೆಗೆದರೆ ಗಸಿಯಷ್ಟೇ ಹಾರಿಹೋಗಿ ತಿಳಿಯಾದ ರಸವು ಉಳಿಯುವುದು. ಆಕೆ ತನ್ನ ಅಡುಗೆಮನೆಯ ಮೇಜನ್ನೇ ನೆಲಮಾಳಿಗೆಗೆ ಸಾಗಿಸಿ ತೂತು ಹೊಡೆಸಿದಳೆಂದು ಹೇಳುವರು. ಈ ಕೆಲಸದಲ್ಲಿ ಆಕೆಯ ಮಾಳಿಗೆಯ ಮುಖ್ಯಸ್ಥನಾದ ಆಂತ್ವಾನ್ ದ ಮ್ಯುಲರನ ಪಾಲೂ ಇದ್ದಿತು. ಇಂದು ಸೀಸೆಗಳನ್ನು ತಿರುಗಿಸುವ ಕೆಲಸವನ್ನು ಬಹುಮಟ್ಟಿಗೆ ಯಂತ್ರಗಳು ಮಾಡುತ್ತವೆಯಾದರೂ ತತ್ವವು ಅದೇ.

ಮೂರನೆಯದು ಗುಲಾಬಿ ಬಣ್ಣದ ಷಾಂಪೇನ್. ಮೊದಲು ಈ ಬಣ್ಣಕ್ಕಾಗಿ ಎಲ್ಡರ್ ಎಂಬ ಗಿಡದ ಕಪ್ಪು ಹಣ್ಣಿನ ರಸವನ್ನು ಬೆರಸುತ್ತಿದ್ದರು. 1818ರಲ್ಲಿ ಈಕೆ ಅದನ್ನು ಬಿಟ್ಟು, ಬೂಜಿ ಎಂಬ ಗ್ರಾಮದ ತನ್ನ ತೋಟಗಳ ಕೆಂಪು ದ್ರಾಕ್ಷಾರಸವನ್ನೇ ಬಿಳಿಯದರೊಡನೆ ಬೆರಸಿದಳು. ಇಂದಿಗೂ ಗುಲಾಬಿ ಬಣ್ಣದ ಷಾಂಪೇನಿನಲ್ಲಿ ಬಹುಭಾಗವನ್ನು ಈ ಕ್ರಮದಿಂದಲೇ ಮಾಡುವರು.

ಪ್ರಶ್ನೆ: ಷಾಂಪೇನನ್ನು ಕಂಡುಹಿಡಿದವನು ದೊಂ ಪೆರಿನ್ಯೋ ಎಂಬ ಸಂನ್ಯಾಸಿ ಎಂದು ಕೇಳಿದ್ದೇವೆ. ಅದು ಸುಳ್ಳೇ?

ಅದು ಭಾಗಶಃ ಕಟ್ಟುಕಥೆ. ದೊಂ ಪೆರಿನ್ಯೋ ಎಂಬಾತನು ಓವಿಲೇ ಎಂಬ ಮಠದಲ್ಲಿ 1668ರಿಂದ 1715ರವರೆಗೆ ಉಗ್ರಾಣದ ಅಧಿಕಾರಿಯಾಗಿದ್ದುದು ನಿಜ. ಬೇರೆ ಬೇರೆ ತೋಟಗಳ ದ್ರಾಕ್ಷಿಗಳನ್ನು ಹದವರಿತು ಬೆರಸುವುದರಲ್ಲಿ ಅವನು ಗಟ್ಟಿಗನಾಗಿದ್ದನು. ಆದರೆ ಗುಳ್ಳೆಗಳನ್ನು ಅವನು ಕಂಡುಹಿಡಿಯಲಿಲ್ಲ. ಆ ಕಾಲದಲ್ಲಿ ಗುಳ್ಳೆಯೇಳುವುದು ದೋಷವೆಂದೇ ಎಣಿಕೆಯಾಗಿತ್ತು. ಸಕ್ಕರೆ ಸೇರಿಸಿ ದ್ರಾಕ್ಷಾರಸದಲ್ಲಿ ಗುಳ್ಳೆಯೆಬ್ಬಿಸುವ ಪದ್ಧತಿಯನ್ನು 1662ರಲ್ಲಿಯೇ ಕ್ರಿಸ್ಟಫರ್ ಮೆರೆಟ್ ಎಂಬ ಇಂಗ್ಲಿಷ್ ವೈದ್ಯನು ಬರೆದಿಟ್ಟಿದ್ದಾನೆ. ಇಂದು ಆ ಸಂನ್ಯಾಸಿಯ ಹೆಸರಿನಿಂದ ಮಾರಾಟವಾಗುವ ಷಾಂಪೇನು ಮೊಯೆಟ್ ಎ ಷಾಂದೋಂ ಎಂಬ ಬೇರೊಂದು ಮನೆಯವರದು. 1921ರ ಬೆಳೆಯಿಂದ ಮಾಡಿ 1936ರಲ್ಲಿ ಮೊದಲು ಮಾರಾಟಕ್ಕೆ ತಂದರು. ಅದು ಕ್ಲಿಕೋ ಷಾಂಪೇನಿನ ಒಂದು ಬಗೆಯೆಂದು ಕೆಲವರು ತಿಳಿದಿರುವುದು ಸರಿಯಲ್ಲ. ಈಗ ಎರಡೂ ಮನೆಗಳಿಗೆ ಎಲ್‌ವಿಎಂಎಚ್ ಎಂಬ ಒಂದೇ ದೊಡ್ಡ ಸಂಸ್ಥೆಯು ಒಡೆಯನಾಗಿರುವುದರಿಂದ ಈ ಗೊಂದಲವು ಹುಟ್ಟಿರಬಹುದು.

ಪ್ರಶ್ನೆ: ಗುಳ್ಳೆಯೇಳುವ ದ್ರಾಕ್ಷಾರಸವನ್ನೆಲ್ಲ ಷಾಂಪೇನ್ ಎನ್ನಬಹುದೆ?

ಎನ್ನಲಾಗದು. ಷಾಂಪೇನ್ ಎಂಬುದು ಒಂದು ಸೀಮೆಯ ಹೆಸರು. ರ‍್ಯಾಂಸ್, ಎಪೆರ್ನೇ ಪಟ್ಟಣಗಳ ಸುತ್ತಲಿನ ಆ ಸೀಮೆಯ ನೆಲವು ಸುಣ್ಣದ ಕಲ್ಲಿನದು. ಹವೆಯು ಬಹಳ ತಣ್ಣನೆಯದು. 1927ರ ಕಾನೂನು ಅದರ ಎಲ್ಲೆಯನ್ನು ಗುರುತಿಸಿತು. ಆ ಎಲ್ಲೆಯೊಳಗೆ ಬೆಳೆದ ದ್ರಾಕ್ಷಿಯಿಂದ, ಗೊತ್ತಾದ ಕ್ರಮದಲ್ಲಿ ಮಾಡಿದುದಕ್ಕೆ ಮಾತ್ರ ಆ ಹೆಸರು ಸಲ್ಲುವುದು. ಬಳಸುವ ದ್ರಾಕ್ಷಿಯ ಜಾತಿಗಳಲ್ಲಿ ಮುಖ್ಯವಾದವು ಮೂರು: ಪಿನೋ ನ್ವಾರ್, ಮನಿಯೇ, ಷಾರ್ದೊನೇ. ಮೊದಲಿನ ಎರಡು ಕಪ್ಪು ಹಣ್ಣುಗಳು. ಸಿಪ್ಪೆಯ ಬಣ್ಣವು ಇಳಿಯದಂತೆ ಮೆಲ್ಲಗೆ ಹಿಂಡುವುದರಿಂದ ರಸವು ಬಿಳಿಯಾಗಿಯೇ ಬರುವುದು.

ನಮ್ಮ ದೇಶದಲ್ಲಿಯೂ ಷಾಂಪೇನ್ ಎಂಬ ಹೆಸರು 1999ರ ಭೌಗೋಳಿಕ ಸೂಚಕಗಳ ಕಾಯಿದೆಯ ಮೇರೆಗೆ ನೋಂದಣಿಯಾಗಿದೆ. ಆದುದರಿಂದ ನಂದಿಬೆಟ್ಟದ ಸುತ್ತಮುತ್ತಲೋ ನಾಸಿಕದಲ್ಲಿಯೋ ಬೆಳೆದ ದ್ರಾಕ್ಷಿಯಿಂದ ಎಷ್ಟೇ ಚೆನ್ನಾಗಿ ಗುಳ್ಳೆಯ ರಸವನ್ನು ತಯಾರಿಸಿದರೂ ಅದು ಷಾಂಪೇನ್ ಅಲ್ಲ. ಇದರಲ್ಲಿ ಅವಮಾನವೇನೂ ಇಲ್ಲ. ಮೈಸೂರಿನ ರೇಷ್ಮೆ, ಮೈಸೂರಿನ ಮಲ್ಲಿಗೆ, ಕೊಡಗಿನ ಕಿತ್ತಳೆಗಳ ಹೆಸರುಗಳನ್ನು ಇದೇ ಕಾಯಿದೆಯು ಕಾಪಾಡುತ್ತಿದೆ. ನಮ್ಮ ಹೆಸರನ್ನು ಇತರರು ಕದಿಯಬಾರದೆಂದು ಬಯಸುವ ನಾವು ಇತರರ ಹೆಸರನ್ನೂ ಗೌರವಿಸಬೇಕಲ್ಲವೆ?

ಪ್ರಶ್ನೆ: ಕ್ಲಿಕೋ ಷಾಂಪೇನಿನಲ್ಲಿ ಎಷ್ಟು ಬಗೆಗಳಿವೆ?

ಮುಖ್ಯವಾದವುಗಳನ್ನಷ್ಟೇ ಹೇಳುತ್ತೇವೆ.

ಹಳದಿ ಚೀಟಿಯ ಬ್ರುಟ್: ಎಲ್ಲೆಡೆಯೂ ಕಾಣುವುದು ಇದೇ. ಪಿನೋ ನ್ವಾರ್ ದ್ರಾಕ್ಷಿಯದು ಇದರಲ್ಲಿ ಸುಮಾರು ಅರ್ಧ ಪಾಲು. ಹಲವು ವರ್ಷಗಳ ರಸಗಳನ್ನು ಕೂಡಿಸಿರುವುದರಿಂದ ಸೀಸೆಯ ಮೇಲೆ ಇಸವಿ ಇರುವುದಿಲ್ಲ. ಒಂದು ವರ್ಷ ಮಳೆ ಹೆಚ್ಚಾಗಿ ಇನ್ನೊಂದು ವರ್ಷ ಬಿಸಿಲು ಹೆಚ್ಚಾದರೂ ರುಚಿಯು ಬದಲಾಗದಿರಲೆಂದು ಹೀಗೆ ಮಾಡುವರು. ಹಳೆಯ ಹುಳಿಯೊಡನೆ ಹೊಸ ಹುಳಿಯನ್ನು ಕೂಡಿಸಿ ಹದ ಮಾಡುವ ಗೃಹಿಣಿಗೆ ಈ ನ್ಯಾಯವನ್ನು ವಿವರಿಸಬೇಕಾಗಿಲ್ಲ. ಚೀಟಿಯ ಬಣ್ಣವು ನೋಡಲು ಕಿತ್ತಳೆಯಂತಿದ್ದರೂ ಹೆಸರು ಮಾತ್ರ ಹಳದಿಯೆಂದೇ. 1877ರಲ್ಲಿ ಈ ಬಣ್ಣವು ವ್ಯಾಪಾರದ ಗುರುತಾಗಿ ನೋಂದಣಿಯಾಯಿತು.

ರೋಜೇ: ಮೇಲೆ ಹೇಳಿದ ಗುಲಾಬಿ ಬಣ್ಣದ್ದು.

ವಿಂಟೇಜ್: ಬೆಳೆ ಬಹಳ ಚೆನ್ನಾಗಿ ಬಂದ ವರ್ಷಗಳಲ್ಲಿ ಮಾತ್ರ, ಆ ಒಂದೇ ವರ್ಷದ ದ್ರಾಕ್ಷಿಯಿಂದ ಮಾಡತಕ್ಕದ್ದು. ಸೀಸೆಯ ಮೇಲೆ ಇಸವಿ ಇರುವುದು. ಕಾನೂನಿನ ಪ್ರಕಾರ ಸಾಧಾರಣ ಷಾಂಪೇನು ಸೀಸೆಗೆ ತುಂಬಿದ ಮೇಲೆ ಕನಿಷ್ಠ ಪಕ್ಷ 15 ತಿಂಗಳೂ ವಿಂಟೇಜು ಮೂರು ವರ್ಷವೂ ಮಾಗಿದ ಹೊರತು ಹೊರಕ್ಕೆ ಬರುವಂತಿಲ್ಲ. ಈ ಮನೆಯವರು ಅದಕ್ಕಿಂತಲೂ ಹೆಚ್ಚು ಕಾಲ ಮಾಗಿಸುವರು.

ದೆಮಿ ಸೆಕ್: ಸಿಹಿಯಾದದ್ದು, ಭೋಜನದ ಕೊನೆಯಲ್ಲಿ ಸಿಹಿತಿಂಡಿಯೊಡನೆ ಕೊಡುವಂಥದು.

ಲಾ ಗ್ರಾಂದ್ ದಾಂ: ಎಲ್ಲಕ್ಕಿಂತ ದುಬಾರಿಯಾದದ್ದು. 1962ರ ಬೆಳೆಯಿಂದ ಮೊದಲು ಮಾಡಿ, ಮನೆಯ ಇನ್ನೂರನೆಯ ವರ್ಷವಾದ 1972ರಲ್ಲಿ ಹೊರತಂದರು. 'ಮಹಾಮಹಿಳೆ' ಎಂಬಂತಹ ಅರ್ಥ ಕೊಡುವ ಆ ಹೆಸರು ಬಾರ್ಬ್ ನಿಕೋಲಳ ಗೌರವಾರ್ಥವಾಗಿ ಇಟ್ಟದ್ದು.

ಪ್ರಶ್ನೆ: ಚೀಟಿಯ ಮೇಲೆ ಬರೆಯುವ 'ಬ್ರುಟ್', 'ಸೆಕ್' ಮೊದಲಾದ ಮಾತುಗಳ ಅರ್ಥವೇನು?

ಇವು ಸಕ್ಕರೆಯ ಅಳತೆಗಳು. ಗಸಿಯನ್ನು ಹಾರಿಸಿದ ಮೇಲೆ ಸೀಸೆಯನ್ನು ಮತ್ತೆ ತುಂಬುವಾಗ ಸ್ವಲ್ಪ ಸಕ್ಕರೆ ಕರಗಿಸಿದ ರಸವನ್ನು ಸೇರಿಸುವರು. ಒಂದು ಲೀಟರಿಗೆ 12 ಗ್ರಾಮಿಗಿಂತ ಕಡಮೆಯಿದ್ದರೆ 'ಬ್ರುಟ್'. 6 ಗ್ರಾಮಿನೊಳಗಿದ್ದರೆ 'ಎಕ್ಸ್‌ಟ್ರಾ ಬ್ರುಟ್'. 12ರಿಂದ 17ರವರೆಗೆ 'ಎಕ್ಸ್‌ಟ್ರಾ ಡ್ರೈ'. 17ರಿಂದ 32ರವರೆಗೆ 'ಸೆಕ್'. 32ರಿಂದ 50ರವರೆಗೆ 'ದೆಮಿ ಸೆಕ್'. ಅದಕ್ಕೂ ಮೇಲೆ 'ದು'. 'ಸೆಕ್' ಎಂದರೆ ಒಣಗಿದ್ದು, ಎಂದರೆ ಸಿಹಿಯಿಲ್ಲದ್ದು ಎಂಬ ಅರ್ಥವಿದ್ದರೂ ಅಳತೆಯಲ್ಲಿ ಅದು ಸಿಹಿಯಾಗಿಯೇ ಇರುವುದು. ಏಕೆಂದರೆ ಈ ಹೆಸರುಗಳು ಹುಟ್ಟಿದ ಕಾಲದಲ್ಲಿ ಜನರು ಇಂದಿಗಿಂತ ಬಹಳ ಹೆಚ್ಚು ಸಿಹಿಯನ್ನು ಬಯಸುತ್ತಿದ್ದರು.

ಇದಕ್ಕೆ ಸಮುದ್ರವೇ ಸಾಕ್ಷಿ ಕೊಟ್ಟಿದೆ. 2010ರಲ್ಲಿ ಬಾಲ್ಟಿಕ್ ಸಮುದ್ರದ ಓಲಂಡ್ ದ್ವೀಪಗಳ ಬಳಿ ಮುಳುಗಿದ್ದ ಹಳೆಯ ಹಡಗೊಂದರಿಂದ 168 ಷಾಂಪೇನ್ ಸೀಸೆಗಳನ್ನು ಮೇಲೆತ್ತಿದರು. ಸುಮಾರು 170 ವರ್ಷ ತಣ್ಣನೆಯ ಕತ್ತಲೆಯಲ್ಲಿ ಬಿದ್ದಿದ್ದ ಅವುಗಳಲ್ಲಿ ಕ್ಲಿಕೋ ಮನೆಯ ಸೀಸೆಗಳೂ ಇದ್ದವು. ರಸಾಯನಶಾಸ್ತ್ರಜ್ಞರು ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದ ವರದಿಯಂತೆ ಅವುಗಳಲ್ಲಿ ಲೀಟರಿಗೆ 140 ಗ್ರಾಮಿನಷ್ಟು ಸಕ್ಕರೆಯಿದ್ದಿತು. ಎಂದರೆ ಅಂದಿನವರು ಕುಡಿದದ್ದು ನಮ್ಮ ಪಾನಕಕ್ಕೆ ಸಮಾನವಾದ ಸಿಹಿಯ ರಸ. ಆ ಹಡಗಿನ ಕ್ಲಿಕೋ ಸೀಸೆಯೊಂದು 2011ರ ಹರಾಜಿನಲ್ಲಿ 30,000 ಯೂರೋಗಳಿಗೆ ಹೋಯಿತು.

ಪ್ರಶ್ನೆ: ಹಾಗಾದರೆ ನಮಗೆ ಬಂದ ಸೀಸೆಯನ್ನೂ ಹಲವು ವರ್ಷ ಇಟ್ಟರೆ ಬೆಲೆ ಏರುವುದೆ?

ಆ ಆಸೆಯನ್ನು ಬಿಡುವುದು ಒಳ್ಳೆಯದು. ಇಸವಿಯಿಲ್ಲದ ಸೀಸೆಯು ಹೊರಬಂದಾಗಲೇ ಮಾಗಿರುವುದು, ಇಟ್ಟಷ್ಟೂ ಸುಧಾರಿಸುವಂಥದಲ್ಲ. ಸಮುದ್ರದ ತಳದಲ್ಲಿ ಅದನ್ನು ಉಳಿಸಿದ್ದು ಚಳಿ ಮತ್ತು ಕತ್ತಲೆ. ನಮ್ಮಲ್ಲಿ ಉಡುಗೊರೆಯ ಸೀಸೆಯನ್ನು ನಡುಮನೆಯ ಗಾಜಿನ ಕಪಾಟಿನಲ್ಲಿ, ದೀಪದ ಕೆಳಗೆ, ಬೊಂಬೆಗಳ ನಡುವೆ ನಿಲ್ಲಿಸುವ ವಾಡಿಕೆಯಿದೆ. ಎರಡು ಬೇಸಗೆ ಕಳೆದರೆ ಒಳಗಿನದು ಕೆಟ್ಟುಹೋಗಿರುವುದು. ಉಳಿಯುವುದು ಚೀಟಿ ಮಾತ್ರ.

ಪ್ರಶ್ನೆ: ಸೀಸೆಯನ್ನು ತೆರೆಯುವಾಗ ಅಪಾಯವುಂಟೆ?

ಉಂಟು. ಬಳಸುವ ಉದ್ದೇಶವಿರಲಿ ಇಲ್ಲದಿರಲಿ, ಇದನ್ನು ಎಲ್ಲರೂ ತಿಳಿದಿರಬೇಕು. ಸೀಸೆಯೊಳಗಿನ ಒತ್ತಡವು ಐದಾರು ವಾಯುಭಾರಗಳಷ್ಟು. ಮೋಟಾರಿನ ಚಕ್ರದೊಳಗಿನ ಒತ್ತಡದ ಎರಡು ಮೂರು ಪಟ್ಟು. ಬಿರಡೆಯು ಗಂಟೆಗೆ 80 ಕಿಲೋಮೀಟರ್ ವೇಗದಿಂದ ಹಾರಬಲ್ಲದು. ಅದು ಬಡಿದು ಕಣ್ಣು ಕಳೆದುಕೊಂಡವರುಂಟು. ಹಿಂದಿನ ಕಾಲದಲ್ಲಿ ಸಕ್ಕರೆಯ ಅಳತೆ ತಪ್ಪಿ ನೆಲಮಾಳಿಗೆಯಲ್ಲಿ ಸೀಸೆಗಳು ಸಾಲುಸಾಲಾಗಿ ಸಿಡಿಯುತ್ತಿದ್ದುದರಿಂದ ಕೆಲಸಗಾರರು ಮುಖಕ್ಕೆ ಕಬ್ಬಿಣದ ಬಲೆಯ ಮುಸುಕನ್ನು ಹಾಕಿಕೊಂಡು ಓಡಾಡುತ್ತಿದ್ದರು. ಆದುದರಿಂದ ಸೀಸೆಯನ್ನು ಕುಲುಕಬಾರದು. ಚೆನ್ನಾಗಿ ತಣ್ಣಗೆ ಮಾಡಬೇಕು. ತಂತಿಯನ್ನು ಸಡಿಲಿಸಿದ ಗಳಿಗೆಯಿಂದ ಬಿರಡೆಯ ಮೇಲಿನ ಅಂಗೈಯನ್ನು ತೆಗೆಯಬಾರದು. ಸೀಸೆಯನ್ನು ಓರೆಯಾಗಿ ಹಿಡಿದು, ಬಾಯನ್ನು ಜನರಿಲ್ಲದ ಕಡೆಗೆ ತಿರುಗಿಸಿ, ಬಿರಡೆಯನ್ನಲ್ಲ, ಸೀಸೆಯನ್ನೇ ಮೆಲ್ಲಗೆ ತಿರುಗಿಸಬೇಕು. ಬಿರಡೆಯು ಸದ್ದಿಲ್ಲದೆ ನಿಟ್ಟುಸಿರಿನಂತೆ ಬಂದರೆ ತೆರೆದವನು ಜಾಣ. ಮಕ್ಕಳನ್ನು ದೂರವಿಡಬೇಕು. ಆಟದ ಗೆಲವಿನಲ್ಲಿ ಸೀಸೆಯನ್ನು ಕುಲುಕಿ ಜನರ ಮೇಲೆ ಚಿಮ್ಮಿಸುವ ಚಿತ್ರಗಳನ್ನು ಕಂಡು ಮನೆಯಲ್ಲಿ ಹಾಗೆ ಮಾಡುವುದು ಅವಿವೇಕ.

ಪ್ರಶ್ನೆ: ಷಾಂಪೇನ್ ಎಂದರೆ ಹಣ್ಣಿನ ರಸದಂತೆ, ಅದರಿಂದ ಕೆಡುಕಿಲ್ಲವೆಂದು ಹೇಳುವರು. ನಿಜವೆ?

ನಿಜವಲ್ಲ. ಅದರಲ್ಲಿ ನೂರಕ್ಕೆ ಸುಮಾರು 12 ಪಾಲು ಮದ್ಯಸಾರವಿದೆ. 750 ಮಿಲಿಲೀಟರಿನ ಒಂದು ಸೀಸೆಯಲ್ಲಿ 90 ಮಿಲಿಲೀಟರ್ ಅಪ್ಪಟ ಮದ್ಯಸಾರವಾಯಿತು. ಬೆಲೆ ಹೆಚ್ಚಾದ ಮಾತ್ರಕ್ಕೆ ಅದರ ಗುಣವು ಬದಲಾಗದು. ಹಟ್ಟಿಯ ಸೇಂದಿಯಲ್ಲಿರುವುದೂ ಅರಮನೆಯ ಸೀಸೆಯಲ್ಲಿರುವುದೂ ಒಂದೇ ಪದಾರ್ಥ. ಮದ್ಯಸಾರವು ಏಡಿಹುಣ್ಣಿಗೆ ಕಾರಣವಾಗತಕ್ಕದ್ದೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಸಂಶೋಧನಾ ಮಂಡಲಿಯು 1988ರಲ್ಲಿಯೇ ನಿರ್ಣಯಿಸಿತು. ಇಷ್ಟು ಕುಡಿದರೆ ಆರೋಗ್ಯಕ್ಕೆ ಬಾಧಕವಿಲ್ಲವೆಂದು ಹೇಳತಕ್ಕ ಅಳತೆಯೇ ಇಲ್ಲವೆಂದು ಆ ಸಂಸ್ಥೆಯು 2023ರಲ್ಲಿ ಸ್ಪಷ್ಟಪಡಿಸಿತು. ಗರ್ಭಿಣಿಯರು ಇದನ್ನು ಮುಟ್ಟಲೇಬಾರದು. ಉಡುಗೊರೆ ತಂದವರ ಮನಸ್ಸನ್ನು ನೋಯಿಸದಂತೆ, ನಮ್ಮ ಮನೆಯಲ್ಲಿ ಬಳಕೆಯಿಲ್ಲವೆಂದು ನಗುಮುಖದಿಂದ ಹೇಳಲು ಯಾರೂ ನಾಚಬೇಕಾಗಿಲ್ಲ. ಹೊರದೇಶದ ಔತಣಗಳಲ್ಲಿಯೂ ಲೋಟದಲ್ಲಿ ನೀರನ್ನೋ ಹಣ್ಣಿನ ರಸವನ್ನೋ ಹಿಡಿದು ಶುಭ ಕೋರಬಹುದು. ಅದರಿಂದ ಮರ್ಯಾದೆಗೆ ಕುಂದಿಲ್ಲ.

ಪ್ರಶ್ನೆ: ಮದುವೆ, ಹುಟ್ಟುಹಬ್ಬ ಮೊದಲಾದ ಶುಭಕಾರ್ಯಗಳಲ್ಲಿ ವಿಧವೆಯ ಹೆಸರಿನ ಸೀಸೆಯನ್ನು ತೆರೆಯುವುದು ಆ ಜನರಿಗೆ ಅಶುಭವೆನಿಸುವುದಿಲ್ಲವೆ?

ಇದನ್ನು ಕೇಳಿದ ಸೋದರಿಗೆ ನಾವು ಋಣಿಗಳು. ಈ ಸಲದ ಪ್ರಶ್ನೆಗಳಲ್ಲೆಲ್ಲ ತೂಕವಾದದ್ದು ಇದೇ. ಅವರಿಗೆ ಹಾಗೆನಿಸುವುದಿಲ್ಲ. ಎರಡು ಶತಮಾನಗಳಿಂದ ಅವರು ಮದುವೆಯ ಮೇಜಿನ ಮೇಲೆ ಆ ಹೆಸರನ್ನು ನಿಲ್ಲಿಸುತ್ತ ಬಂದಿದ್ದಾರೆ. ಕ್ಲಿಕೋ ಒಬ್ಬಳೇ ಅಲ್ಲ. ಅದೇ ರ‍್ಯಾಂಸ್ ಪಟ್ಟಣದಲ್ಲಿ 1858ರಲ್ಲಿ ಗಂಡನನ್ನು ಕಳೆದುಕೊಂಡ ಲೂಯಿಸ್ ಪೊಮ್ಮೆರಿ ಎಂಬಾಕೆ ಸಿಹಿಯಿಲ್ಲದ ಷಾಂಪೇನನ್ನು ರೂಢಿಗೆ ತಂದಳು; 1941ರಲ್ಲಿ ವಿಧವೆಯಾದ ಲಿಲಿ ಬೊಲ್ಲಾಂಜೆ ಯುದ್ಧಕಾಲದಲ್ಲಿ ತನ್ನ ಮನೆಯನ್ನು ಮುಳುಗಗೊಡದೆ ನಡೆಸಿದಳು.

ನಮ್ಮ ನಾಡಿನಲ್ಲಿಯಾದರೋ ಆ ಶಬ್ದವನ್ನು ಶುಭದ ದಿನ ಬಾಯಿಂದ ಆಡಲು ಕೂಡ ಅಂಜಿದೆವು. ಹೆತ್ತ ಮಗಳ ಧಾರೆಯ ಹೊತ್ತಿನಲ್ಲಿ ತಾಯಿಯು ಕೋಣೆಯ ಕದದ ಹಿಂದೆ ನಿಲ್ಲಬೇಕಾದ ಮನೆಗಳು ಎಷ್ಟಿದ್ದವು! ಇಂದಿಗೂ ಅವು ಪೂರ್ತಿಯಾಗಿ ಇಲ್ಲವಾಗಿವೆಯೆ? ಕಾನೂನುಗಳು ಒಂದೊಂದಾಗಿ ಬಂದವು. 1856ರಲ್ಲಿ ವಿಧವಾ ಪುನರ್ವಿವಾಹದ ಕಾಯಿದೆಯಾಯಿತು. ನಮ್ಮ ಮೈಸೂರು ಸಂಸ್ಥಾನವು 1933ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯನ್ನು ಮಾಡಿತು. ಬ್ರಿಟಿಷ್ ಇಂಡಿಯಾದಲ್ಲಿ ವಿಧವೆಗೆ ಗಂಡನ ಆಸ್ತಿಯಲ್ಲಿ ಭಾಗ ಕೊಡುವ ಕಾಯಿದೆಯು ಬಂದದ್ದು 1937ರಲ್ಲಿ. 1956ರ ಉತ್ತರಾಧಿಕಾರದ ಕಾಯಿದೆಯು ಆಕೆಯನ್ನು ಪೂರ್ಣ ಒಡತಿಯನ್ನಾಗಿ ಮಾಡಿತು. ಕಾಗದದ ಮೇಲಿನ ಹಕ್ಕು ಹಸೆಮಣೆಯ ಬಳಿಗೆ ಇನ್ನೂ ತಲಪಿಲ್ಲವಾದರೆ ಕುಂದು ಕಾಯಿದೆಯದಲ್ಲ, ನಮ್ಮದು.

ಹೀಗೆಂದು ಆ ನಾಡನ್ನು ಸ್ವರ್ಗವೆಂದು ತಿಳಿಯಬೇಕಾಗಿಲ್ಲ. ಬಾರ್ಬ್ ನಿಕೋಲಳಿಗೆ ಸಿರಿವಂತನಾದ ತಂದೆಯಿದ್ದನು, ಬಂಡವಾಳ ಹೂಡಲೊಪ್ಪಿದ ಮಾವನಿದ್ದನು. ಅದೇ ಊರಿನ ಬಡ ವಿಧವೆಯರ ಹೆಸರು ಯಾವ ಸೀಸೆಯ ಮೇಲೂ ಇಲ್ಲ. ಆಕೆಯು ಕೂಡ ತನ್ನ ವ್ಯಾಪಾರವನ್ನು ಮಗಳ ಕೈಗೆ ಕೊಡಲಿಲ್ಲ. ಮಗಳನ್ನು ಕುಲೀನನಾದ ಕೌಂಟನೊಬ್ಬನಿಗೆ ಮದುವೆ ಮಾಡಿಕೊಟ್ಟು, ದುಡಿದು ಮೇಲೆ ಬಂದ ಎದುವಾರ್ ವೆರ್ಲೆ ಎಂಬ ನೌಕರನನ್ನು ಪಾಲುಗಾರನನ್ನಾಗಿ ಮಾಡಿಕೊಂಡು ಅವನಿಗೇ ಒಪ್ಪಿಸಿದಳು. 1866ರಲ್ಲಿ, 88ನೆಯ ವಯಸ್ಸಿನಲ್ಲಿ, ತೀರಿಕೊಂಡಳು. ತನ್ನಂತೆ ಬೇರೆ ಹೆಂಗಸರಿಗೂ ಬಾಗಿಲು ತೆರೆಯಬೇಕೆಂದು ಆಕೆಗೆ ತೋರಲಿಲ್ಲವೇನೋ. 1972ರಿಂದೀಚೆಗೆ ಆ ಸಂಸ್ಥೆಯವರು ಉದ್ಯಮದಲ್ಲಿ ಮುಂದೆ ಬಂದ ಸ್ತ್ರೀಯರಿಗೆ ಆಕೆಯ ನೆನಪಿನಲ್ಲಿ ಬಹುಮಾನ ಕೊಡುತ್ತಿದ್ದಾರೆ.

ಆದರೂ ಮಾವನ ಆ ಒಂದು ಒಪ್ಪಿಗೆಯನ್ನು ನಾವು ಮತ್ತೆ ಮತ್ತೆ ನೆನೆಯಬೇಕು. ಮಗನನ್ನು ಕಳೆದುಕೊಂಡ ಮುದುಕನು, ಸೊಸೆಯ ಕಾಲ್ಗುಣವನ್ನು ಹಳಿಯುತ್ತ ಕೂರಲಿಲ್ಲ. ಆಕೆಯ ಮಾತನ್ನು ಕೇಳಿದನು, ಲೆಕ್ಕದ ಪುಸ್ತಕವನ್ನು ಆಕೆಯ ಮುಂದಿಟ್ಟನು, ಕಲಿಸುವವನೊಬ್ಬನನ್ನು ಗೊತ್ತುಮಾಡಿದನು. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಗಂಡನಿರುವವರೆಗೆ ಬ್ಯಾಂಕಿನ ಪುಸ್ತಕವೆಲ್ಲಿದೆ, ವಿಮೆಯ ಕಾಗದವೆಲ್ಲಿದೆ, ಜಮೀನಿನ ಪತ್ರವು ಯಾರ ಹೆಸರಿನಲ್ಲಿದೆ ಎಂಬುದೊಂದೂ ಹೆಂಡತಿಗೆ ತಿಳಿದಿರುವುದಿಲ್ಲ. ಕೆಟ್ಟ ಗಳಿಗೆ ಬಂದ ಮೇಲೆ ಕಲಿಸುವವರು ಸಿಕ್ಕುವುದು ದುರ್ಲಭ. ಈ ತಿಂಗಳು ಬಿಡುವಿನ ಒಂದು ಸಂಜೆ ಗೃಹಸ್ಥರು ಹೆಂಡತಿಯೊಡನೆ, ಬೆಳೆದ ಮಗಳೊಡನೆ, ಸೊಸೆಯೊಡನೆ ಕುಳಿತು ಆ ಕಾಗದಗಳನ್ನು ತೆಗೆದು ತೋರಿಸಲಿ. ಮನೆಗೆ ಬಂದ ಹಳದಿ ಚೀಟಿಯ ಸೀಸೆಯನ್ನು ತೆರೆಯದೆ ಹಿಂದಿರುಗಿಸಿದರೂ ನಷ್ಟವಿಲ್ಲ; ಅದು ತಂದ ಈ ಒಂದು ವಿವೇಕವನ್ನು ಮಾತ್ರ ಹಿಂದಿರುಗಿಸಬಾರದು.